ಪಕ್ಕದ ಮನೆ ಅಜ್ಜ ಹೇಳಿದ್ದು ಅರ್ಧ ನಿಜ

ತಮ್ಮಾ,

ನಿನ್ನ ಪತ್ರ ಬಂತು. ಪಿಟ್ಸ್‌ಬರ್ಗಿಗೆ ಬಂದು ತಿಂಗಳು ತುಂಬಿಲ್ಲ, ಆಗಲೇ ಮೂರು ಪ್ರಶ್ನೆ. ಗ್ರೀನ್‌ಫೀಲ್ಡಿನಲ್ಲಿ ನೋಡಿದ ಬಾಡಿಗೆ ಮನೆಯ ಬೇಸ್‌ಮೆಂಟ್‌ನಲ್ಲಿ, ಗೋಡೆಯಿಲ್ಲ, ಬಾಗಿಲಿಲ್ಲ, ವಾಷಿಂಗ್ ಮೆಷಿನ್ ಪಕ್ಕದಲ್ಲೇ ಬಟಾಬಯಲಿನಲ್ಲಿ ಒಂದು ಕಮೋಡ್ ಯಾಕಿದೆ ಅಂತ ಒಂದು. ಪಕ್ಕದ ಮನೆಯ ಸ್ಲೊವಾಕ್ ಅಜ್ಜ "ನಮ್ಮ ತಾತನೂ ನಿನ್ನ ಹಾಗೇ ಹೊರಗಿನಿಂದ ಬಂದವನು" ಅಂದದ್ದು ನಿಜವೋ, ಉಪಚಾರದ ಮಾತೋ ಅಂತ ಇನ್ನೊಂದು. ಇದು ಸತ್ತ ಊರು, ಓದು ಮುಗಿಸಿ ನ್ಯೂಜೆರ್ಸಿಗೆ ಬಾ ಅಂತ ಸ್ನೇಹಿತರು ಹೇಳುತ್ತಿದ್ದಾರೆ, ಏನು ಮಾಡಲಿ ಅಕ್ಕಾ ಅಂತ ಮೂರನೆಯದು.

ಕಮೋಡಿನದು ಸುಲಭ. ಅದಕ್ಕೆ ಪಿಟ್ಸ್‌ಬರ್ಗ್ ಟಾಯ್ಲೆಟ್ ಅಂತಲೇ ಹೆಸರಿದೆ, ಇಲ್ಲಿನ ಹಳೇ ಮನೆಗಳಲ್ಲಿ ಮಾಮೂಲಿ. ಉಕ್ಕಿನ ಮಿಲ್ಲಿನಿಂದ ಮಸಿ ಮೆತ್ತಿಕೊಂಡು ಬಂದ ಗಂಡಸರು ನೇರ ಕೆಳಗಿಳಿದು, ಬಟ್ಟೆ ಬಿಚ್ಚಿ, ಮೈ ತೊಳೆದುಕೊಂಡು ಆಮೇಲೆ ಮೇಲೆ ಬರಲಿ ಅಂತ ಹಾಕಿಸಿದ್ದು ಎಂದು ಊರವರು ಹೇಳುತ್ತಾರೆ. ಚರಂಡಿ ಕಟ್ಟಿ ನೀರು ವಾಪಸ್ ಉಕ್ಕಿದರೆ ಅದು ಕೆಳಗೇ ಹೊರಬರಲಿ, ಮೇಲಿನ ಮನೆ ಉಳಿಯಲಿ ಅಂತ ಇಟ್ಟದ್ದು ಎಂದು ಪ್ಲಂಬರ್‌ಗಳು ಹೇಳುತ್ತಾರೆ. ನನಗೆ ಪ್ಲಂಬರ್ ಮಾತೇ ಸರಿ ಅನ್ನಿಸುತ್ತದೆ. ಆದರೂ ಅಜ್ಜನ ಎದುರು ಮಿಲ್ಲಿನ ಕಥೆ ಅಲ್ಲಗಳೆಯಬೇಡ, ಯಾಕೆಂದರೆ ಮಸಿ ಸುಳ್ಳಲ್ಲ. 1940ರ ದಶಕದ ಫೋಟೊಗಳನ್ನು ನೋಡು, ಹಾಡಹಗಲೇ ಬೀದಿದೀಪ ಉರಿಯುತ್ತಿವೆ. ಆಫೀಸಿಗೆ ಹೋಗುವವರು ಮಧ್ಯಾಹ್ನ ಬದಲಿಸಲು ಇನ್ನೊಂದು ಬಿಳಿ ಅಂಗಿ ಒಯ್ಯುತ್ತಿದ್ದರು. ಹೊಗೆ ತಡೆಯುವ ಕಾನೂನು 1941ರಲ್ಲಿ ಬಂತು, ಯುದ್ಧದ ನೆಪದಲ್ಲಿ 1946ರವರೆಗೆ ಕಾಗದದಲ್ಲೇ ಇತ್ತು.

ಆ ಬೀದಿ ಕಡಿದು ಅಂತಲೂ ಬರೆದಿದ್ದೀಯ. ಮಿಲ್ಲುಗಳು ನದಿ ದಡದ ಸಮತಟ್ಟು ಜಾಗವನ್ನೆಲ್ಲ ತೆಗೆದುಕೊಂಡವು, ಕೂಲಿಯವರ ಮನೆಗಳು ಗುಡ್ಡ ಹತ್ತಬೇಕಾಯಿತು. ಊರಲ್ಲಿ ಸಾರ್ವಜನಿಕ ಮೆಟ್ಟಿಲುಸಾಲುಗಳೇ 700ಕ್ಕೂ ಹೆಚ್ಚಿವೆ, ನಕ್ಷೆಯಲ್ಲಿ ಕೆಲವಕ್ಕೆ ರಸ್ತೆಯ ಹೆಸರೇ ಇದೆ. ಗೂಗಲ್ ನಂಬಿ ಕಾರು ತಿರುಗಿಸುವ ಮುಂಚೆ ನೋಡಿಕೊ. ನಿಮ್ಮಮ್ಮ ಬೇಸಿಗೆಯಲ್ಲಿ ಬರುವುದಾದರೆ, ಮಂಡಿನೋವಿನವರಿಗೆ ಆ ಮನೆ ಬೇಡ.

ಈಗ ಅಜ್ಜನ ಮಾತಿಗೆ ಬರುತ್ತೇನೆ. ಅದು ಅರ್ಧ ನಿಜ.

ಅವರ ತಾತ ಬಂದದ್ದು ಬಹುಶಃ 1880ರಿಂದ 1914ರ ನಡುವೆ, ಆಗಿನ ಆಸ್ಟ್ರಿಯಾ-ಹಂಗೇರಿಯ ಯಾವುದೋ ಹಳ್ಳಿಯಿಂದ. ವೀಸಾ ಅನ್ನುವುದೇ ಇರಲಿಲ್ಲ. ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ತಪಾಸಣೆ ಕೇಂದ್ರ ತೆರೆದದ್ದು 1892ರಲ್ಲಿ. 1907 ಒಂದೇ ವರ್ಷ ಅದರ ಮೂಲಕ 10 ಲಕ್ಷಕ್ಕೂ ಹೆಚ್ಚು ಜನ ಒಳಬಂದರು. ಅಲ್ಲಿ ಕೇಳುತ್ತಿದ್ದ ಒಂದು ಪ್ರಶ್ನೆ ನಮ್ಮಂಥ ಎಚ್-1ಬಿ (ಕೆಲಸದ ವೀಸಾ) ಸಂಸಾರಗಳಿಗೆ ನಗು ತರಿಸಬೇಕು. "ಕೆಲಸ ಮೊದಲೇ ಗೊತ್ತುಮಾಡಿಕೊಂಡು ಬಂದಿದ್ದೀಯಾ?" ಹೌದು ಅಂದರೆ ವಾಪಸ್ ಹಡಗು! ಕರಾರು ಮಾಡಿಸಿ ಅಗ್ಗದ ಕೂಲಿಯವರನ್ನು ತರಬಾರದು ಅಂತ 1885ರಲ್ಲೇ ಕಾನೂನಾಗಿತ್ತು. ಹಾಗಂತ ಸರ್ಕಾರಕ್ಕೆ ಹೊರೆಯಾಗುವವನಂತೆ ಕಂಡರೂ ಬಿಡುತ್ತಿರಲಿಲ್ಲ. ಕೆಲಸ ಇಲ್ಲ, ಆದರೆ ದುಡಿಯುವ ತಾಕತ್ತಿದೆ, ಅಣ್ಣನೋ ಮಾವನೋ ಇದ್ದಾನೆ ಅಂತ ಅಳೆದು ತೂಗಿ ಹೇಳಬೇಕಿತ್ತು. ನೀನು ಆಫರ್ ಲೆಟರ್ ಇಲ್ಲದೆ ಉಳಿಯುವ ಹಾಗಿಲ್ಲ. ಆತ ಆಫರ್ ಇದ್ದರೂ ಬಾಯಿ ಬಿಡುವ ಹಾಗಿರಲಿಲ್ಲ.

ಅಣ್ಣನ ವಿಳಾಸ ಹಿಡಿದು ಬಂದವನು ಇಳಿಯುತ್ತಿದ್ದದ್ದು ಬೋರ್ಡಿಂಗ್ ಮನೆಯಲ್ಲಿ. ಈ ವಿಷಯ ನನಗೆ ಮೊದಲು ಹೇಳಿದವರು ಇಲ್ಲಿ ನಮ್ಮ ಮೊದಲ ಮನೆಯ ಓನರ್ ಆಗಿದ್ದ ಮುದುಕಿ. ಆಕೆಯ ಅಜ್ಜಿ ಪಕ್ಕದ ಉಕ್ಕಿನ ಊರಾದ ಹೋಮ್‌ಸ್ಟೆಡ್‌ನಲ್ಲಿ ಎರಡು ಕೋಣೆಯಲ್ಲಿ ಗಂಡ, ಮಕ್ಕಳು, ಮೇಲೆ ಐದಾರು ಜನ ಬೋರ್ಡರ್‌ಗಳನ್ನು ಇಟ್ಟುಕೊಂಡಿದ್ದರಂತೆ. ಹಗಲುಪಾಳಿಯವನು ಎದ್ದ ಹಾಸಿಗೆಗೆ ರಾತ್ರಿಪಾಳಿಯವನು ಬಂದು ಬೀಳುತ್ತಿದ್ದ, ಹಾಸಿಗೆ ತಣ್ಣಗಾಗುತ್ತಲೇ ಇರಲಿಲ್ಲ. ಆ ಕಾಲದಲ್ಲಿ ಒಬ್ಬೊಬ್ಬರು ತಿಂಗಳಿಗೆ 3 ಡಾಲರ್ ಕೊಟ್ಟರೆ ಮಲಗುವ ಜಾಗ, ಅಡುಗೆ, ಬಟ್ಟೆ ಒಗೆತ ಎಲ್ಲ ಆಗುತ್ತಿತ್ತು. ದಿನಸಿಯ ಖರ್ಚು ಬೇರೆ. ಮಾಂಸ ಮಾತ್ರ ಅವರವರದೇ. ಅಷ್ಟೂ ಜನರದು ಒಂದೇ ಪಾತ್ರೆಯಲ್ಲಿ ಬೇಯಬೇಕಾದ್ದರಿಂದ ಅಜ್ಜಿ ಒಬ್ಬೊಬ್ಬನ ತುಂಡಿಗೆ ಒಂದೊಂದು ಬಣ್ಣದ ದಾರ ಕಟ್ಟುತ್ತಿದ್ದರಂತೆ. ಕೆಂಪು ದಾರ ಇವನದು, ನೀಲಿ ಅವನದು. ಹುಟ್ಟಾ ಸಸ್ಯಾಹಾರಿಯಾದ ನಾನು ಮುಖ ಹುಳ್ಳಗೆ ಮಾಡಿಕೊಂಡೇ ಕೇಳಿದೆ, ಆದರೆ ನೀವು ಹುಡುಗರು ಸ್ಪ್ಲಿಟ್‌ವೈಸ್‌ನಲ್ಲಿ ಮಾಡುವ ಖರ್ಚು ಹಂಚಿಕೆಯ ಲೆಕ್ಕವನ್ನು ಆಕೆ ದಾರದಲ್ಲಿ ಮಾಡಿದ್ದರು, ಅದೂ ಅಂಗಳದ ಪಂಪಿನಿಂದ ನೀರು ಹೊತ್ತು ತಂದು. ಆ ಹೆಂಗಸರ ದುಡಿಮೆಯನ್ನು ಯಾವ ಮಿಲ್ಲೂ ಹಾಜರಿ ಪುಸ್ತಕದಲ್ಲಿ ಬರೆಯಲಿಲ್ಲ.

ಗಂಡಸರ ಕೂಲಿ 1907-08ರ ಹೊತ್ತಿಗೆ ಹೋಮ್‌ಸ್ಟೆಡ್‌ನಲ್ಲಿ ಗಂಟೆಗೆ 16.5 ಸೆಂಟ್. ಹನ್ನೆರಡು ಗಂಟೆ ಮೈಮುರಿದರೆ 2 ಡಾಲರಿಗೆ 2 ಸೆಂಟ್ ಕಡಿಮೆ. ಎರಡು ವಾರಕ್ಕೊಮ್ಮೆ ಪಾಳಿ ಬದಲಾಗುವಾಗ ಒಂದು ತಂಡ 24 ಗಂಟೆ ಒಂದೇ ಸಮನೆ ನಿಲ್ಲಬೇಕಿತ್ತು, ಅದಕ್ಕೆ ಲಾಂಗ್ ಟರ್ನ್ ಅನ್ನುತ್ತಿದ್ದರು. ನಮ್ಮಪ್ಪ ಭದ್ರಾವತಿಯ ಐರನ್ ಫ್ಯಾಕ್ಟರಿಯಲ್ಲಿ ಇದ್ದವರು. ನೈಟ್ ಶಿಫ್ಟ್ ಮುಗಿಸಿ ಬಂದು ಮಲಗಿದರೆ ಮನೆಯಲ್ಲಿ ರೇಡಿಯೊ ಹಾಕುವ ಹಾಗಿರಲಿಲ್ಲ, ಕುಕ್ಕರ್ ಕೂಗಿಸುವ ಹಾಗಿರಲಿಲ್ಲ. ಅದು ಎಂಟು ಗಂಟೆಯ ಪಾಳಿ. ಇಪ್ಪತ್ತನಾಲ್ಕು ಗಂಟೆ ಕುಲುಮೆ ಮುಂದೆ ನಿಂತವನ ನಿದ್ದೆ ಹೇಗಿರುತ್ತದೆ ಅಂತ ಯೋಚಿಸಿದರೆ ಮುಂದಿನ ಲೆಕ್ಕ ಆಶ್ಚರ್ಯ ಅನ್ನಿಸುವುದಿಲ್ಲ. 1906ರ ಜುಲೈನಿಂದ 1907ರ ಜೂನ್‌ವರೆಗೆ, ಒಂದೇ ವರ್ಷದಲ್ಲಿ, ಈ ಅಲೆಗೆನಿ ಕೌಂಟಿಯಲ್ಲಿ ಕೆಲಸದ ಅಪಘಾತದಲ್ಲಿ ಸತ್ತವರು 526 ಮಂದಿ. ಕ್ರಿಸ್ಟಲ್ ಈಸ್ಟ್‌ಮನ್ ಎಂಬ ಯುವ ವಕೀಲೆ ಒಂದೊಂದು ಸಾವನ್ನೂ ಬೆನ್ನುಹತ್ತಿ ದಾಖಲಿಸಿದರು. ಸತ್ತವರ ಅರ್ಧಕ್ಕೂ ಹೆಚ್ಚು ಕುಟುಂಬಗಳಿಗೆ ಮಾಲೀಕರಿಂದ ಬಂದದ್ದು 100 ಡಾಲರ್ ಅಥವಾ ಅದಕ್ಕೂ ಕಡಿಮೆ. ಮಣ್ಣು ಮಾಡುವ ಖರ್ಚು ಅನ್ನು. ಪರಿಹಾರದ ಕಾನೂನು ಪೆನ್ಸಿಲ್ವೇನಿಯಾದಲ್ಲಿ ಆದದ್ದು 1915ರಲ್ಲಿ.

ಅಲ್ಲಿಯವರೆಗೆ ಅವರನ್ನು ನೋಡಿಕೊಂಡವರು ಅವರವರ ಜನ. 1890ರಲ್ಲಿ ಪಿಟ್ಸ್‌ಬರ್ಗಿನಲ್ಲೇ ಹುಟ್ಟಿದ ನ್ಯಾಷನಲ್ ಸ್ಲೊವಾಕ್ ಸೊಸೈಟಿ, ನಾಲ್ಕು ವರ್ಷದ ಮೇಲೆ ಕ್ರೊಯೇಷಿಯನ್ನರು ಕಟ್ಟಿಕೊಂಡ ಸಂಘ, ಹೀಗೆ. ತಿಂಗಳಿಗಿಷ್ಟು ಚಂದಾ, ಸತ್ತರೆ ಹೆಂಡತಿಗಿಷ್ಟು ಹಣ. ನಮ್ಮ ಕನ್ನಡ ಸಂಘಗಳು ಯುಗಾದಿ ಊಟಕ್ಕೆ ಹುಟ್ಟಿದವು, ಅವರ ಸಂಘಗಳು ಹುಟ್ಟಿದ್ದು ಹೆಣದ ಪೆಟ್ಟಿಗೆಗೆ. ತಪ್ಪು ತಿಳಿಯಬೇಡ, ಯುಗಾದಿ ಊಟಕ್ಕೆ ನಾನೇ ವರ್ಷವರ್ಷ ಪಾತ್ರೆಗಟ್ಟಲೆ ಚಿತ್ರಾನ್ನ ಕಲಸುತ್ತೇನೆ. ಊರಿಗೆ ಹಣ ಕಳಿಸುವುದು, ಇನ್ನೆರಡು ವರ್ಷ ಅಷ್ಟೇ, ಜಮೀನು ತೆಗೆದುಕೊಂಡು ಹೋಗಿಬಿಡುತ್ತೇವೆ ಅನ್ನುವುದು, ಮಕ್ಕಳು ಭಾಷೆ ಮರೆತರು ಅಂತ ಹಲುಬುವುದು, ಇದೆಲ್ಲ ನಮಗೂ ಅವರಿಗೂ ಒಂದೇ. ಎಷ್ಟೋ ಮಂದಿ ನಿಜವಾಗಿ ಹಿಂತಿರುಗಿದರು ಕೂಡ.

ಕೂಲಿಗಾಗಿ ಕಾದಾಟವೂ ನಡೆಯಿತು. ಹೋಮ್‌ಸ್ಟೆಡ್ ಮಿಲ್ಲಿನ ಒಡೆಯ ಆಂಡ್ರೂ ಕಾರ್ನೆಗಿ ಸ್ವತಃ ವಲಸಿಗ. ಸ್ಕಾಟ್ಲೆಂಡಿನ ನೇಕಾರನ ಮಗ, 1848ರಲ್ಲಿ ಬಂದು ಹತ್ತಿಗಿರಣಿಯಲ್ಲಿ ವಾರಕ್ಕೆ 1.20 ಡಾಲರಿಗೆ ದುಡಿದವನು. 1892ರಲ್ಲಿ ಆತ ಸ್ಕಾಟ್ಲೆಂಡಿನಲ್ಲಿ ವಿಶ್ರಾಂತಿಯಲ್ಲಿದ್ದಾಗ ಮ್ಯಾನೇಜರ್ ಫ್ರಿಕ್ ಮಿಲ್ಲಿಗೆ ಬೀಗ ಹಾಕಿ, ಜುಲೈ 6ರ ಬೆಳಗಿನ ಜಾವ ದೋಣಿಗಳಲ್ಲಿ ಪಿಂಕರ್ಟನ್ ಎಂಬ ಖಾಸಗಿ ಕಂಪನಿಯ 300 ಕಾವಲುಗಾರರನ್ನು ಕರೆಸಿದ. ದಿನವಿಡೀ ಗುಂಡು ಹಾರಿತು, ಎರಡೂ ಕಡೆ ಹೆಣ ಬಿತ್ತು, ಕಾವಲುಗಾರರು ಶರಣಾದರು. ಆಮೇಲೆ ರಾಜ್ಯದ ಸೇನೆ ಬಂದು ಮಿಲ್ಲು ತೆರೆಯಿತು, ಯೂನಿಯನ್ ಕಥೆ ದಶಕಗಳ ಮಟ್ಟಿಗೆ ಮುಗಿಯಿತು. 1901ರಲ್ಲಿ ಕಾರ್ನೆಗಿ ತನ್ನ ಕಂಪನಿಯನ್ನು 48 ಕೋಟಿ ಡಾಲರಿಗೆ ಮಾರಿದ. ಇಲ್ಲಿನ ಓಕ್‌ಲ್ಯಾಂಡ್ ಬಡಾವಣೆಯ ಅವನ ಲೈಬ್ರರಿಯ ಬಾಗಿಲ ಮೇಲೆ ಇದು ಜನರಿಗೆ ಉಚಿತ ಅಂತ ಕೆತ್ತಿದೆ. ಹನ್ನೆರಡು ಗಂಟೆ ದುಡಿದವನು ಯಾವ ಹೊತ್ತಿನಲ್ಲಿ ಓದಬೇಕಿತ್ತೋ! ಹಾಗಂತ ನೀನು ಓದುತ್ತಿರುವ ಕಾಲೇಜೂ ಕೂಲಿಯವರ ಮಕ್ಕಳಿಗೆ ಅಂತ ಅವನೇ 1900ರಲ್ಲಿ ಶುರು ಮಾಡಿಸಿದ್ದು. ಗ್ರೀನ್‌ಫೀಲ್ಡ್ ಗುಡ್ಡದ ಬುಡದಲ್ಲಿರುವ ಪೂರ್ವ ಯುರೋಪಿನ ರುಸಿನ್ ಜನರ ಚರ್ಚಿಗೆ ಬರುತ್ತಿದ್ದ ಒಬ್ಬ ಕಟ್ಟಡ ಕೂಲಿ ಕೂಡಿಟ್ಟ ದುಡ್ಡಿನಲ್ಲಿ ಮಗ ಅಲ್ಲೇ ಓದಿ 1949ರಲ್ಲಿ ಹೊರಬಂದ. ಅವನೇ ಆಮೇಲೆ ಹೆಸರಾಂತ ಚಿತ್ರಕಾರನಾದ ಆಂಡಿ ವಾರ್ಹೋಲ್. ಆದ್ದರಿಂದ ಕಾರ್ನೆಗಿಯನ್ನು ಪೂರ್ತಿ ಬೈಯಲು ನನಗೆ ಬಾಯಿ ಬರುವುದಿಲ್ಲ, ಹೊಗಳಲು ಮನಸ್ಸು ಬರುವುದಿಲ್ಲ.

ಇನ್ನು ನಿಜವಲ್ಲದ ಅರ್ಧ. ಅಜ್ಜನ ತಾತ ಬಂದ ಕಾಲಕ್ಕೆ ನಿನ್ನ ಮುತ್ತಾತ ಬಂದಿದ್ದರೆ ಏನಾಗುತ್ತಿತ್ತು? 1907ರ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಲ್ಲಿ, ಮರದ ಮಿಲ್ಲುಗಳಲ್ಲಿದ್ದ ಪಂಜಾಬಿ ಕೂಲಿಯವರನ್ನು ಗುಂಪು ಕಟ್ಟಿ ಹೊಡೆದು ಊರು ಬಿಡಿಸಿದರು. 1917ರ ಕಾನೂನು ಭಾರತವೂ ಸೇರಿದ ಏಷ್ಯಾದ ದೊಡ್ಡ ಭಾಗಕ್ಕೆ ಬಾಗಿಲು ಹಾಕಿತು. 1923ರ ಫೆಬ್ರವರಿಯಲ್ಲಿ, ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿದ್ದ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಆಗಲೂ ಕೆಲವು ಬಂಗಾಳಿ ಖಲಾಸಿಗಳು ಬಂದರಿನಲ್ಲಿ ಹಡಗಿಂದ ಪರಾರಿಯಾಗಿ ಉಕ್ಕಿನ, ಕಾರಿನ ಕಾರ್ಖಾನೆಗಳಲ್ಲಿ ಸೇರಿಕೊಂಡಿದ್ದುಂಟು, ಕದ್ದುಮುಚ್ಚಿ.

ಸ್ಲೊವಾಕರಿಗೂ 1924ರಲ್ಲಿ ಬಾಗಿಲು ಬಹುಪಾಲು ಮುಚ್ಚಿತು. ಒಂದೊಂದು ದೇಶಕ್ಕೆ ಕೋಟಾ. ಅದೂ 1890ರ ಜನಗಣತಿಯಲ್ಲಿ ಇಲ್ಲಿದ್ದ ಆ ದೇಶದವರ ಶೇ. 2. ಇವರ ಜನ ಹೆಚ್ಚಾಗಿ ಬಂದದ್ದೇ 1890ರ ಆಮೇಲೆ, ಆ ವರ್ಷವನ್ನು ಆರಿಸಿದ್ದೂ ಅದಕ್ಕೇ. ನಮಗೆ 1946ರಲ್ಲಿ ವರ್ಷಕ್ಕೆ 100 ಜನ ಅಂತ ಕಿಟಕಿ ತೆರೆಯಿತು, ಸರಿಯಾಗಿ ತೆರೆದದ್ದು 1965ರ ಕಾನೂನು. ಈಗ ಗ್ರೀನ್ ಕಾರ್ಡಿಗೆ ಯಾವ ದೇಶಕ್ಕೂ ಶೇ. 7ರ ಮೇಲಿಲ್ಲ ಅನ್ನುವ ಮಿತಿ, ಅದರಿಂದ ಭಾರತದವರ ಸರತಿ ಎಷ್ಟು ಉದ್ದ ಅನ್ನುವುದು ನಿನಗೆ ಗೊತ್ತು. ಮನೆಮನೆಯಿಂದ ಅಡುಗೆ ತಂದು ಉಣ್ಣುವ ಪಾಟ್‌ಲಕ್‌ಗಳಲ್ಲಿ ನಮ್ಮವರು ಕೆಲವರು "ನಾವು ಮೆರಿಟ್ ಮೇಲೆ ಬಂದವರು, ಅವರ ಥರ ಅಲ್ಲ" ಅನ್ನುತ್ತಾರೆ. ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ನಮ್ಮ ಅಜ್ಜಂದಿರಿಗೂ ಮೆರಿಟ್ ಇತ್ತು ಮಾರಾಯ, ಬಾಗಿಲಿರಲಿಲ್ಲ.

1923 ಅಂದೆನಲ್ಲ, ಆ ವರ್ಷದ ಇನ್ನೆರಡು ಸಂಗತಿ ಹೇಳುತ್ತೇನೆ. ಥಿಂಡ್ ತೀರ್ಪಿಗೆ ಒಂದು ತಿಂಗಳ ಮುಂಚೆ, ಜನವರಿಯಲ್ಲಿ, ನಮ್ಮ ಭದ್ರಾವತಿಯ ಕುಲುಮೆ ಹೊತ್ತಿತು. ಅದಕ್ಕೆ ಸಲಹೆಗಾರ ಎಂಜಿನಿಯರುಗಳು ನ್ಯೂಯಾರ್ಕಿನ ಪೆರಿನ್ ಅಂಡ್ ಮಾರ್ಷಲ್. ಆ ಪೆರಿನ್ನೇ ಜಮ್‌ಶೆಡ್‌ಪುರದ ಟಾಟಾ ಕಾರ್ಖಾನೆಗೂ ದುಡಿದವನು. ಕಲ್ಲಿದ್ದಲು ದೂರವಾದ್ದರಿಂದ ಮಲೆನಾಡಿನ ಕಾಡಿನ ಮರ ಸುಟ್ಟು ಇದ್ದಿಲು ಮಾಡಿ ಕಬ್ಬಿಣ ಕರಗಿಸಿದರು. ಅಮೆರಿಕದ ಎಂಜಿನಿಯರು ನಮ್ಮೂರಿಗೆ ಬರಬಹುದಿತ್ತು, ನಮ್ಮೂರಿನ ಫಿಟ್ಟರ್ ಇಲ್ಲಿಗೆ ಬರುವ ಹಾಗಿರಲಿಲ್ಲ. ಇನ್ನೊಂದು, ಅದೇ ವರ್ಷ ಇಲ್ಲಿನ ಯು.ಎಸ್. ಸ್ಟೀಲ್ ಹನ್ನೆರಡು ಗಂಟೆಯ ಪಾಳಿಯನ್ನು ಕೊನೆಗೂ ಬಿಟ್ಟಿತು.

ಸತ್ತ ಊರು ಅನ್ನುವ ಮಾತಿಗೆ ಕಾರಣವಿದೆ. 1950ರಲ್ಲಿ ಊರಿನ ಜನಸಂಖ್ಯೆ 6,76,806, 2020ರಲ್ಲಿ 3,02,971. ಹೋಮ್‌ಸ್ಟೆಡ್ ಮಿಲ್ಲು 1986ರಲ್ಲಿ ಮುಚ್ಚಿತು. ಅದಾಗಿ ಸ್ವಲ್ಪ ದಿನಕ್ಕೇ ನಾವು ಬಂದದ್ದು, ಊರೆಲ್ಲ ಖಾಲಿ ಅಂಗಡಿ, ಮನೆ ಮಾರಾಟಕ್ಕಿದೆ ಎಂಬ ಬೋರ್ಡು. ಈಗ ಅದೇ ಜಾಗದಲ್ಲಿ ಮಾಲ್ ಇದೆ, ಸಿನಿಮಾ ಪಾರ್ಕಿಂಗಿನ ಹತ್ತಿರ ಹನ್ನೆರಡು ಇಟ್ಟಿಗೆ ಚಿಮಣಿಗಳನ್ನು ಸಾಲಾಗಿ ಉಳಿಸಿದ್ದಾರೆ. ನಿನ್ನ ರೋಬಾಟಿಕ್ಸ್ ಲ್ಯಾಬ್ ಇರುವ ಹೇಜಲ್‌ವುಡ್‌ನ ಮಿಲ್ 19 ಏನು ಅಂದುಕೊಂಡೆ? ಜೋನ್ಸ್ ಅಂಡ್ ಲಾಫ್ಲಿನ್ ಮಿಲ್ಲಿನ ಜಾಗ. ಹಳೇ ಶೆಡ್ಡಿನ ಉಕ್ಕಿನ ಅಸ್ಥಿಪಂಜರ ಹಾಗೇ ಬಿಟ್ಟು ಒಳಗೆ ಗಾಜಿನ ಕಟ್ಟಡ ಕಟ್ಟಿದ್ದಾರೆ. ಅಜ್ಜನ ತಾತ ದುಡಿದ ಮಿಲ್ಲು ಅದೇ ಇದ್ದರೂ ಇರಬಹುದು.

ನ್ಯೂಜೆರ್ಸಿ ವಿಷಯ. ಎಡಿಸನ್ ಕಡೆ ಹೋದರೆ ಕಾಲಿಟ್ಟಲ್ಲೆಲ್ಲ ದೋಸೆ, ಬಾಡಿಗೆ ಮಾತ್ರ ಕೈ ಸುಡುತ್ತದೆ. ಇಲ್ಲಿ ಪೆನ್ ಹಿಲ್ಸ್ ಗುಡ್ಡದ ಮೇಲೆ 1970ರ ದಶಕದಲ್ಲೇ ಕಟ್ಟಿದ ವೆಂಕಟೇಶ್ವರ ದೇವಸ್ಥಾನವಿದೆ, ಪುಳಿಯೋಗರೆ ಸಿಗುತ್ತದೆ. ಕೆಲವು ಬೆಳಿಗ್ಗೆ ನದಿಕಣಿವೆಯಲ್ಲಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಬರಿ ಬೇಡ, ಕ್ಲೇರ್‌ಟನ್‌ನಲ್ಲಿ ಕಲ್ಲಿದ್ದಲು ಬೇಯಿಸಿ ಉಕ್ಕಿನ ಕುಲುಮೆಗೆ ಕೋಕ್ ಮಾಡುವ ಕಾರ್ಖಾನೆ ಇನ್ನೂ ನಡೆಯುತ್ತಿದೆ. ಕಿಟಕಿ ಹಾಕಿಕೊ, ಉಬ್ಬಸವಿದ್ದರೆ ಡಾಕ್ಟರಿಗೆ ಮೊದಲೇ ಹೇಳಿಡು. ಕೆಲಸ ಎಲ್ಲಿ ಸಿಗುತ್ತದೋ ಅಲ್ಲಿಗೆ ಹೋಗು, ಇದರಲ್ಲಿ ಭಾವುಕತೆ ಬೇಡ. ಸ್ನೇಹಿತರು ಕರೆದರು ಅಂತ ಮಾತ್ರ ಹೋಗಬೇಡ.

ಇಲ್ಲಿರುವಷ್ಟು ದಿನ ಅಜ್ಜನ ಜೊತೆ ಮಾತಾಡು. ತಾತ ಯಾವ ಹಳ್ಳಿಯವನು, ಯಾವ ಮಿಲ್ಲು, ಅಜ್ಜಿ ಎಷ್ಟು ಜನ ಬೋರ್ಡರ್‌ಗಳನ್ನು ಇಟ್ಟಿದ್ದರು ಅಂತ ಕೇಳು. ನಿನ್ನ ವೀಸಾ ಸರತಿಯ ವಿಷಯ ಅವರಿಗೂ ಹೇಳು, ಇಲ್ಲಿನವರು ಬಹಳಷ್ಟು ಮಂದಿಗೆ ಅದು ಗೊತ್ತೇ ಇಲ್ಲ. ಈಸ್ಟರಿಗೆ ಮುಂಚಿನ ಶುಕ್ರವಾರಗಳಲ್ಲಿ ಚರ್ಚಿನ ಊಟಕ್ಕೆ ಕರೆದರೆ ಹೋಗು. ಮೀನು ನಿನಗಾಗದು, ಆದರೆ ಆಲೂಗಡ್ಡೆ ತುಂಬಿದ, ಕಡುಬಿನಂಥ ಪಿರೋಗಿ ಇರುತ್ತದೆ. ಬೆಣ್ಣೆಯಲ್ಲಿ ಹುರಿದದ್ದೋ, ಬೇಕನ್ ಬೆರೆಸಿದ್ದೋ ಅಂತ ಕೇಳಿಕೊಂಡು ತಿನ್ನು.