ಪಿಕಪ್‌ಗೆ ಸೈಡ್ ಸ್ಟೆಪ್: ಹತ್ತುವವರ ಕಾಲಿನಿಂದ ಅಳತೆ ಶುರುಮಾಡಿ

ಮಂಡಿನೋವಿರುವ ತಂದೆಯವರಿಗೆ ಡಬಲ್ ಕ್ಯಾಬ್ ಪಿಕಪ್ ಹತ್ತುವುದು ಕಷ್ಟ, ತೋಟದ ದಾರಿ ಕಲ್ಲುಮಣ್ಣಿನದು, ಬಾಗಿಲ ಕೆಳಗೆ ಕಾಲಿಡುವ ಸೈಡ್ ಸ್ಟೆಪ್ ಆಗಿ ಹೊಳೆಯುವ ದುಂಡು ಪೈಪು ಹಾಕಿಸಲೋ ಅಗಲದ ಫುಟ್‌ಬೋರ್ಡೋ ಎಂದು ಕೇಳಿದ್ದೀರಿ. ತಂದೆಯವರಿಗಾಗಿ ಎಂದಾದರೆ ದುಂಡು ಪೈಪು ಬೇಡವೇ ಬೇಡ.

ಆ ತಪ್ಪನ್ನು ನಾನು ಮಾಡಿದ್ದೇನೆ. ಮೂರು ಇಂಚಿನ ಸ್ಟೀಲ್ ಪೈಪು, ಗಾಡಿಗೆ ಚೆನ್ನಾಗಿ ಒಪ್ಪಿತ್ತು. ಒಂದು ಮಳೆಯ ದಿನ ಅಮ್ಮ ಇಳಿಯುವಾಗ ಒದ್ದೆ ಚಪ್ಪಲಿಯ ಹಿಮ್ಮಡಿ ಅದರ ಮೇಲೆ ನಿಲ್ಲಲೇ ಇಲ್ಲ. ಕಾಲು ಮುಂದಕ್ಕೆ ಜಾರಿ ಮೀನಖಂಡ ಪೈಪಿಗೆ ಬಡಿಯಿತು. ಕೈಯಲ್ಲಿ ಹಿಡಿ ಇದ್ದುದರಿಂದ ಬೀಳಲಿಲ್ಲ, ಅಷ್ಟೇ. ಪೈಪಿನ ಮೇಲೆ ರಬ್ಬರ್ ಪಟ್ಟಿ ಇತ್ತು, ಅವರು ಕಾಲಿಟ್ಟ ಜಾಗದಿಂದ ಒಂದು ಗೇಣು ಮುಂದೆ!

ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಬಾಗಿಲು ತೆರೆದು, ಕೆಳಗೆ ಇಟ್ಟಿಗೆಗಳನ್ನು ಅಲ್ಲಾಡದಂತೆ ಜೋಡಿಸಿ, ಮೇಲೊಂದು ಗಟ್ಟಿ ಹಲಗೆ ಇಟ್ಟು, ನೀವು ಪಕ್ಕದಲ್ಲೇ ನಿಂತು ತಂದೆಯವರನ್ನು ಹತ್ತಿಸಿ. ಒಂದೊಂದೇ ಇಟ್ಟಿಗೆ ಕಡಿಮೆ ಮಾಡುತ್ತಾ, ಹೆಚ್ಚಿಸುತ್ತಾ ನೋಡಿದರೆ ಯಾವ ಎತ್ತರ ಅವರ ಮಂಡಿಗೆ ಹಿತವೆಂದು ಅವರೇ ಹೇಳುತ್ತಾರೆ. ನೆಲದಿಂದ ಆ ಎತ್ತರವನ್ನು ಅಳೆದುಕೊಳ್ಳಿ. ಬಹಳಷ್ಟು ಫುಟ್‌ಬೋರ್ಡುಗಳು ಕ್ಯಾಬಿನ್ ಅಂಚಿನಿಂದ ತುಸುವೇ ಕೆಳಗಿರುತ್ತವೆ. ನೋಡಲು ಚೆಂದ, ಆದರೆ ಮಂಡಿ ಮಡಚಬೇಕಾದ ಎತ್ತರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ.

ತೀರಾ ಕೆಳಗಿಳಿಸಿದರೆ ದಾರಿಯ ದಿಬ್ಬಕ್ಕೆ ತಾಗುತ್ತದೆ. ಹಾಗಾಗಿ ನಿಮಗೆ ನನ್ನ ಆಯ್ಕೆ, ಬಾಗಿಲುಗಳ ಕೆಳಗೆ ಮಾತ್ರ ಇಳಿಬಿಟ್ಟ ಮೆಟ್ಟಿಲಿರುವ ನಮೂನೆ. ಪಾದದ ಮುಂಭಾಗ ಪೂರ್ತಿ ಕೂರುವಂತೆ ಐದಾರು ಇಂಚು ಅಗಲವಿರಲಿ, ಮೇಲ್ಮೈ ಹಲ್ಲುಹಲ್ಲಾಗಿ ತೂತುಗಳಿರುವ ಲೋಹದ್ದಾಗಿರಲಿ. ಕೆಸರು ತೂತಿನಿಂದ ಕೆಳಗೆ ಬೀಳುತ್ತದೆ. ಬಾಗಿಲು ತೆರೆದಾಗ ತಾನೇ ಹೊರಬರುವ ಮೋಟಾರಿನ ಸ್ಟೆಪ್ ಹಿರಿಯರಿಗೆ ಅನುಕೂಲವೇ, ಆದರೆ ಕೆಸರು, ಕಲ್ಲು ಸಿಕ್ಕಿಕೊಳ್ಳುವ ದಾರಿಗೆ ನಾನು ಹಾಕಿಸಲಾರೆ. ಬಂಡೆಗೆ ಉಜ್ಜಿದರೂ ತಡೆಯುವ ರಾಕ್ ಸ್ಲೈಡರ್ ಬೇರೆಯೇ ವಸ್ತು, ಅದು ಗಾಡಿಯ ಅಡಿಯ ಉಕ್ಕಿನ ಚೌಕಟ್ಟಾದ ಚಾಸಿಗೆ ಕೂರುತ್ತದೆ. ಸಾಮಾನ್ಯ ಸೈಡ್ ಸ್ಟೆಪ್ ಕಾಲಿಡಲು ಮಾತ್ರ, ಅದರಡಿ ಎಂದೂ ಜಾಕಿ ಇಡಬೇಡಿ.

ಇನ್ನು ಬ್ರಾಕೆಟ್, ಅಂದರೆ ಮೆಟ್ಟಿಲನ್ನು ಗಾಡಿಗೆ ಬಿಗಿಯುವ ಲೋಹದ ತೋಳು. ಎಲ್ಲರೂ ಮೆಟ್ಟಿಲು ನೋಡುತ್ತಾರೆ, ಭಾರ ಹೊರುವುದು ಇದು. ಪಿಕಪ್‌ನಲ್ಲಿ ಕ್ಯಾಬಿನ್ ಮತ್ತು ಚಾಸಿಯ ನಡುವೆ ರಬ್ಬರ್ ಇರುವುದರಿಂದ ಎರಡೂ ಬೇರೆಬೇರೆಯಾಗಿ ಅಲುಗುತ್ತವೆ. ಒಂದು ಬ್ರಾಕೆಟ್ ಕ್ಯಾಬಿನ್‌ಗೆ, ಇನ್ನೊಂದು ಚಾಸಿಗೆ ಬಿಗಿದರೆ ಕಿರುಗುಟ್ಟಿ ಸಡಿಲವಾಗುತ್ತದೆ. ಗಾಡಿಯಲ್ಲಿ ಮೊದಲೇ ಇರುವ ತೂತುಗಳಿಗೆ ಕೂರುವ, ಪ್ರತಿ ಬದಿಗೆ ಮೂರು ಬ್ರಾಕೆಟ್ ಇರುವ ಸೆಟ್ ಹುಡುಕಿ. ಹೊಸದಾಗಿ ಕೊರೆದ ತೂತಿನಿಂದಲೇ ತುಕ್ಕು ಹಿಡಿಯಲು ಶುರುವಾಗುತ್ತದೆ. ಸ್ಟೇನ್‌ಲೆಸ್ ನಟ್ಟು ಬೋಲ್ಟಾದರೆ ಮೆಕ್ಯಾನಿಕ್ ಆಂಟಿ ಸೀಜ್ ಗ್ರೀಸ್ ಹಚ್ಚಿ, ಮೆಷಿನ್ ಬಳಸದೆ ಕೈ ಸ್ಪ್ಯಾನರ್‌ನಿಂದಲೇ ನಿಧಾನವಾಗಿ ಬಿಗಿಯಲಿ, ಇಲ್ಲದಿದ್ದರೆ ತಿರುಪಿನ ಸುತ್ತುಗಳು ಒಂದಕ್ಕೊಂದು ಕಚ್ಚಿಕೊಂಡು ಬಿಡುವುದೇ ಇಲ್ಲ. ಬ್ರೇಕ್, ಡೀಸೆಲ್ ಪೈಪುಗಳು ಅಡಿಯಲ್ಲಿ ಒತ್ತಿಕೊಂಡಿಲ್ಲವೆಂದು ಬಗ್ಗಿ ನೋಡಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿಸಿ.

ಬಾಗಿಲ ಕಂಬದಲ್ಲಿ ಹಿಡಿ ಇಲ್ಲದಿದ್ದರೆ ಅದನ್ನೂ ಹಾಕಿಸಿ, ಮಂಡಿಯ ಒಂದಷ್ಟು ಭಾರ ಕೈಗೆ ಬರುತ್ತದೆ. ಇಟ್ಟಿಗೆಯ ಅಳತೆ ಮತ್ತು ಕ್ಯಾಬಿನ್ ಅಂಚು ನೆಲದಿಂದ ಎಷ್ಟು ಎತ್ತರವೆಂದು ಇಲ್ಲಿ ಬರೆಯಿರಿ, ಎಷ್ಟು ಇಳಿದ ಮೆಟ್ಟಿಲು ಬೇಕೆಂದು ಲೆಕ್ಕ ಹಾಕೋಣ.