ಕಾಫಿ ಕುಡಿದರೆ ಕೆಮ್ಮು: ಸೋರುತ್ತಿರುವುದು ವಾಲ್ವ್ ಒಳಗಿಂದಲೋ, ಪಕ್ಕದಿಂದಲೋ?

ಪ್ರಶ್ನೆ: ನಮ್ಮ ತಂದೆಯವರಿಗೆ 62 ವರ್ಷ. ಕ್ಯಾನ್ಸರ್‌ ಆಗಿ ಎರಡು ವರ್ಷದ ಹಿಂದೆ ಧ್ವನಿಪೆಟ್ಟಿಗೆ ತೆಗೆದರು, ರೇಡಿಯೇಶನ್ನೂ ಆಯಿತು. ಮಾತಿಗೆ ಪ್ರೋಸ್ಥೆಸಿಸ್ (ಶ್ವಾಸನಾಳ, ಅನ್ನನಾಳಗಳ ನಡುವಿನ ತೂತಿನಲ್ಲಿ ಕೂರುವ, ವಾಲ್ವ್ ಇರುವ ಸಿಲಿಕೋನ್ ಕೊಳವೆ) ಕೂರಿಸಿದ್ದಾರೆ. ಈಚೆಗೆ ಕಾಫಿ, ನೀರು ಕುಡಿದ ಕೂಡಲೇ ಕೆಮ್ಮು. ಮುದ್ದೆ, ಅನ್ನಕ್ಕೆ ಏನೂ ಇಲ್ಲ. ಕೂಡಲೇ ಬದಲಾಯಿಸಬೇಕೇ? ನಾವು ಹಾಸನದ ಕಡೆಯವರು, ತೋರಿಸುವುದು ಬೆಂಗಳೂರಿನಲ್ಲಿ.

ಉತ್ತರ: ಹೊರಡುವ ಮೊದಲು ಎಲ್ಲಿಂದ ಸೋರುತ್ತಿದೆ ಎಂದು ನೋಡಿಕೊಳ್ಳಿ. ಮುಂದಿನ ಚಿಕಿತ್ಸೆಯೆಲ್ಲ ಅದರ ಮೇಲೆಯೇ ನಿಂತಿದೆ. ತಂದೆಯವರನ್ನು ನೆಟ್ಟಗೆ ಕೂರಿಸಿ, ಅಡುಗೆಯ ಬಣ್ಣ ಬೆರೆಸಿದ ನೀರು ಒಂದೇ ಗುಟುಕು ಕುಡಿಸಿ, ಉಸಿರಾಡುವ ಕುತ್ತಿಗೆಯ ರಂಧ್ರದೊಳಗೆ ಟಾರ್ಚ್ ಬಿಟ್ಟು ಪ್ರೋಸ್ಥೆಸಿಸ್ ನೋಡಿ.

ಬಣ್ಣ ಪ್ರೋಸ್ಥೆಸಿಸ್‌ನ ನಡುವಿನಿಂದ ಬಂದರೆ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಅದರ ಜೊತೆ ಕೊಟ್ಟ ಬ್ರಷ್‌ನಿಂದಲೇ ತೊಳೆಯಿರಿ. ಪಿನ್ನು, ಕಡ್ಡಿ ಬೇಡವೇ ಬೇಡ. ಅನ್ನದ ಅಗುಳು ಸಿಕ್ಕಿಕೊಂಡಿದ್ದರೆ ಅಷ್ಟಕ್ಕೇ ನಿಲ್ಲುತ್ತದೆ. ತೊಳೆದ ಮೇಲೂ ಸೋರಿದರೆ ಅದರ ಆಯಸ್ಸು ಮುಗಿದಂತೆ. ಸಾಮಾನ್ಯವಾಗಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಸಿಲಿಕೋನಿನೊಳಕ್ಕೇ ಬೆಳೆದು ಮುಚ್ಚಳವನ್ನು ಕೂರಲು ಬಿಡುವುದಿಲ್ಲ. ಬದಲಾಯಿಸುವುದು ಹೆಚ್ಚಿನವರಿಗೆ ಹೊರರೋಗಿ ವಿಭಾಗದಲ್ಲೇ ಆಗುವ ಕೆಲಸ. ಅಲ್ಲಿಯವರೆಗೆ ನೀರು ಮಜ್ಜಿಗೆಯ ಬದಲು ಗಟ್ಟಿ ರಾಗಿ ಗಂಜಿ ಕೊಡಿ. ನಿಮ್ಮ ಮಾದರಿಗೆ ಪ್ಲಗ್ (ಕೊಳವೆಯ ಬಾಯಿ ಮುಚ್ಚುವ ಬಿರಡೆ) ಇದ್ದರೆ ಊಟದ ಹೊತ್ತಿಗೆ ಹಾಕಿ. ಅದಿರುವಷ್ಟು ಹೊತ್ತು ಮಾತು ಬರದು.

ಪಕ್ಕದಿಂದ ಬಂದರೆ ಕತೆ ಬೇರೆ. ಅದೇ ಅಳತೆಯ ಹೊಸದನ್ನು ಹಾಕಿಸಿಕೊಂಡು ಬಂದರೆ ದುಡ್ಡೂ ದಂಡ, ಪ್ರಯಾಣವೂ ದಂಡ. ಶಸ್ತ್ರಚಿಕಿತ್ಸೆಯ ಊತ ಇಳಿದಂತೆ ಶ್ವಾಸನಾಳ, ಅನ್ನನಾಳಗಳ ನಡುವಿನ ಗೋಡೆ ತೆಳುವಾಗುತ್ತದೆ. ಆಗ ಉದ್ದ ಹೆಚ್ಚಾದ ಪ್ರೋಸ್ಥೆಸಿಸ್ ನುಂಗಿದಾಗಲೆಲ್ಲ ಹಿಂದೆ ಮುಂದೆ ಸರಿದು ತೂತನ್ನು ಹಿಗ್ಗಿಸುತ್ತದೆ. ಹೊಸದಾಗಿ ಅಳತೆ ಮಾಡಿಸಿ, 8 ಮಿ.ಮೀ. ಇದ್ದದ್ದು 6ಕ್ಕೆ ಇಳಿಯುವುದು ಅಪರೂಪವಲ್ಲ. ದಪ್ಪ ಕೊಳವೆ ತುರುಕಿ ಸೋರಿಕೆ ನಿಲ್ಲಿಸುವ ಯೋಚನೆ ನನಗೆ ಒಪ್ಪಿಗೆಯಿಲ್ಲ, ತೂತು ಇನ್ನಷ್ಟು ದೊಡ್ಡದಾದೀತು. ಅಂಚು ಅಗಲವಾಗಿರುವ ಮಾದರಿಗಳಿವೆ, ಕೆಲವೊಮ್ಮೆ ಸ್ವಲ್ಪ ದಿನ ತೆಗೆದಿಟ್ಟು ತೂತು ಕುಗ್ಗಲು ಬಿಡುವುದೂ ಉಂಟು. ಉದ್ದ ಸರಿಯಿದ್ದೂ ಸೋರಿದರೆ ಹೊಟ್ಟೆಯ ಆಮ್ಲ ಮೇಲೆ ಬರುತ್ತಿದೆಯೇ ಎಂದು ಕೇಳಿ. ರೇಡಿಯೇಶನ್ ಆದವರಲ್ಲಿ ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗುವುದು ಸಾಮಾನ್ಯ, ಅದರಿಂದಲೂ ಗಾಯ ಕೂಡುವುದಿಲ್ಲ, ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಕ್ಯಾನ್ಸರ್ ಮರುಕಳಿಸಿಲ್ಲ ಎಂಬುದನ್ನೂ ವೈದ್ಯರು ನೋಡಲೇಬೇಕು.

ಬಸ್ಸು ಹತ್ತುವ ಮುನ್ನ ಫೋನ್ ಮಾಡಿ, ಒಳಗಿನ ಸೋರಿಕೆಯೋ ಪಕ್ಕದ್ದೋ ತಿಳಿಸಿ, ಬೇಕಾದ ಅಳತೆ ಅಲ್ಲಿದೆಯೇ ಕೇಳಿ. ಜ್ವರ, ಏದುಸಿರು, ಕಫ ಹೆಚ್ಚಾದರೆ ಮಾತ್ರ ಕಾಯಬೇಡಿ, ಅಂದೇ ಹತ್ತಿರದ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಕೆಮ್ಮಿದಾಗ ಪ್ರೋಸ್ಥೆಸಿಸ್ ಕಳಚಿ ಬಂದರೆ ಏನು ಮಾಡಬೇಕು?

ಉತ್ತರ: ಪ್ರೋಸ್ಥೆಸಿಸ್ ಕೂರುವ ತೂತು ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳಬಹುದು. ಆ ತೂತಿಗೆ ಕ್ಯಾತಿಟರ್ (ಮೆತ್ತನೆಯ ತೆಳು ನಳಿಕೆ) ಹಾಕುವುದನ್ನು ನಿಮಗೆ ಕಲಿಸಿದ್ದರೆ ಹಾಕಿ, ಟೇಪ್ ಅಂಟಿಸಿ. ಇಲ್ಲದಿದ್ದರೆ ಇಎನ್‌ಟಿ ವೈದ್ಯರಿರುವ ಹತ್ತಿರದ ಆಸ್ಪತ್ರೆಗೆ ಓಡಿ. ಅಲ್ಲಿಯವರೆಗೆ ಏನೂ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ಕಳಚಿದ್ದು ಕಣ್ಣಿಗೆ ಬೀಳದಿದ್ದರೆ ಹೊಟ್ಟೆಗೆ ಹೋಗಿರಬೇಕೆಂದು ಸುಮ್ಮನಾಗಬೇಡಿ, ಶ್ವಾಸಕೋಶದ ಕಡೆಗೂ ಜಾರಿರಬಹುದು. ಎಕ್ಸ್‌ರೇ, ಬೇಕಾದರೆ ಬ್ರಾಂಕೋಸ್ಕೋಪಿ (ಶ್ವಾಸನಾಳದೊಳಗೆ ನಳಿಕೆ ಬಿಟ್ಟು ನೋಡುವ ಪರೀಕ್ಷೆ) ಆಗಬೇಕು. ಗಾಬರಿಯಲ್ಲಿ ಸಿಬ್ಬಂದಿ ಆಕ್ಸಿಜನ್ ಮಾಸ್ಕನ್ನು ಮೂಗಿಗೆ ಹಾಕಿಬಿಡುವುದುಂಟು. ಉಸಿರಾಟ ಕುತ್ತಿಗೆಯಿಂದ, ಆಕ್ಸಿಜನ್ ಅಲ್ಲಿಗೇ ಕೊಡಿ ಎಂದು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದ ಚೀಟಿ ರೋಗಿಯ ಜೇಬಿನಲ್ಲಿರಲಿ.