ಮೊದಲು ಉಪ್ಪು, ಆಮೇಲೆ ನಮಾಜು

ಸಹಾರಾ ಮರುಭೂಮಿಯ ಆಚೆಗಿನ ಆಫ್ರಿಕಾಕ್ಕೆ ಇಸ್ಲಾಂ ಹೋಗಿದ್ದು ಕತ್ತಿಯಿಂದಲಾ, ವ್ಯಾಪಾರದಿಂದಲಾ ಅಂತ ಕೇಳಿದ್ದೀರಿ. ನಾನು ಇತಿಹಾಸದ ಮೇಷ್ಟ್ರಲ್ಲ, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ಆದರೆ ಈ ವಿಷಯ ಮಂಡಿಯವರಿಗೇ ಸ್ವಲ್ಪ ಜಾಸ್ತಿ ಅರ್ಥವಾಗುತ್ತದೆ ಅಂತ ನನಗನಿಸುತ್ತದೆ.

ಈಜಿಪ್ಟಿನಿಂದ ಮೊರಾಕೊವರೆಗಿನ ಉತ್ತರದ ಪಟ್ಟಿಗೆ 7ನೇ ಶತಮಾನದಿಂದ ಅರಬರ ಸೈನ್ಯವೇ ಬಂತು. ಅದರಲ್ಲಿ ಎರಡು ಮಾತಿಲ್ಲ. ಮರುಭೂಮಿ ದಾಟಿದ ಕಥೆ ಬೇರೆ. ಪಶ್ಚಿಮ ಆಫ್ರಿಕಾದ ಒಳನಾಡಿನಲ್ಲಿ ಚಿನ್ನ ಇತ್ತು, ಉಪ್ಪಿಗೆ ಬರ. ಉಪ್ಪು ಇದ್ದದ್ದು ಮರುಭೂಮಿಯ ನಟ್ಟನಡುವೆ, ತಘಾಜಾ ಎಂಬ ಊರಲ್ಲಿ.

1352ರಲ್ಲಿ ಇಬ್ನ್ ಬತೂತ ಎಂಬ ಪ್ರವಾಸಿ ಮೊರಾಕೊದ ಸಿಜಿಲ್ಮಾಸಾದಿಂದ ಹೊರಟು 25 ದಿನಕ್ಕೆ ಅಲ್ಲಿಗೆ ಮುಟ್ಟಿದ. ಊರಲ್ಲಿ ಒಂದು ಮರ ಇಲ್ಲ. ಮನೆಗಳ ಗೋಡೆ, ಮಸೀದಿಯ ಗೋಡೆ ಎಲ್ಲಾ ಉಪ್ಪಿನ ಚಪ್ಪಡಿಯವು. ಮೇಲೆ ಒಂಟೆ ಚರ್ಮದ ಮಾಡು. ಅಗೆಯುವವರು ಗುಲಾಮರು. ಒಂದು ಒಂಟೆಗೆ ಎರಡು ಚಪ್ಪಡಿ. ಆ ಹೊರೆಗೆ ಮರುಭೂಮಿಯ ಆಚೆ ದಡದ ವಲಾತಾದಲ್ಲಿ 8ರಿಂದ 10 ಮಿತ್ಕಾಲ್ (ಆಗಿನ ಚಿನ್ನದ ತೂಕ) ಚಿನ್ನ. ಇನ್ನೂ ಒಳಗೆ, ಮಾಲಿ ಸಾಮ್ರಾಜ್ಯದ ರಾಜಧಾನಿಯಲ್ಲಿ 20ರಿಂದ 30, ಕೆಲವೊಮ್ಮೆ 40. ಇಷ್ಟು ಲಾಭ ಇದ್ದರೆ ಯಾರು ತಾನೇ ಮರುಭೂಮಿಗೆ ಹೆದರುತ್ತಾರೆ?

ಆದರೆ ಎರಡು ತಿಂಗಳ ದಾರಿಯಾಚೆ ಇರುವವನಿಗೆ ಸಾಲ ಕೊಡೋದು ಹೇಗೆ? ನಮ್ಮ ಮಂಡಿಯಲ್ಲಿ ಗುರುತು ಪರಿಚಯ ಇಲ್ಲದವರಿಗೆ ಒಂದು ಮೂಟೆನೂ ಕಡ ಸಿಗಲ್ಲ. 10ನೇ ಶತಮಾನದ ಅರಬ್ ಪ್ರವಾಸಿ ಇಬ್ನ್ ಹೌಕಲ್ ಒಂದು ಪತ್ರ ನೋಡಿದ್ದನ್ನು ಬರೆದಿದ್ದಾನೆ. ಮರುಭೂಮಿಯ ದಕ್ಷಿಣದ ಔದಾಗುಸ್ತ್ ಎಂಬ ಊರಿನವನೊಬ್ಬ, ಸಿಜಿಲ್ಮಾಸಾದ ಇನ್ನೊಬ್ಬನಿಗೆ ಕೊಡಬೇಕಾದ ಬಾಕಿ 42,000 ದೀನಾರ್, ಅಂದರೆ ಚಿನ್ನದ ನಾಣ್ಯ! ನಮ್ಮ ವ್ಯಾಪಾರಿಗಳ ಹುಂಡಿ ಚೀಟಿ ಇದ್ದ ಹಾಗೆ. ಅದು ನಡೆಯಬೇಕಾದರೆ ಎರಡೂ ಕಡೆಯವರಿಗೆ ಒಂದೇ ಲಿಪಿ, ಒಂದೇ ಕರಾರಿನ ನಿಯಮ, ತಕರಾರು ಬಂದರೆ ಇಬ್ಬರೂ ಒಪ್ಪುವ ಒಬ್ಬ ಖಾಜಿ ಬೇಕು. ಇಸ್ಲಾಂ ಅದೆಲ್ಲವನ್ನೂ ಒಟ್ಟಿಗೆ ಕೊಟ್ಟಿತು. ಅಲ್ಲಿನ ವ್ಯಾಪಾರಿಗಳು ಮೊದಲು ಮುಸ್ಲಿಮರಾದದ್ದು ಇದರಿಂದ ಅಂತ ನನ್ನ ಲೆಕ್ಕ. ಭಕ್ತಿ ಇರಲಿಲ್ಲ ಅಂತಲ್ಲ. ಭಕ್ತಿಗೆ ವ್ಯವಹಾರ ದಾರಿ ಮಾಡಿಕೊಟ್ಟಿತು.

ರಾಜರು ಏನು ಮಾಡಿದರು? 1068ರ ಸುಮಾರಿಗೆ ಸ್ಪೇನಿನಲ್ಲಿ ಕೂತು, ಹೋಗಿ ಬಂದವರ ಮಾತು ಕೇಳಿ ಬರೆದ ಅಲ್ ಬಕ್ರಿ ಪ್ರಕಾರ ಘಾನಾದ ರಾಜಧಾನಿ ಅಂದರೆ ಎರಡು ಊರು. (ಈಗಿನ ಘಾನಾ ದೇಶ ಅಲ್ಲ, ಇದು ಈಗಿನ ಮಾರಿಟಾನಿಯಾ, ಮಾಲಿ ಕಡೆ ಇದ್ದ ಹಳೇ ರಾಜ್ಯ.) ಒಂದರಲ್ಲಿ ಮುಸ್ಲಿಂ ವ್ಯಾಪಾರಿಗಳು, 12 ಮಸೀದಿ. ಆರು ಮೈಲಿ ಆಚೆ ರಾಜನ ಊರು, ದೇವರ ಬನ. ರಾಜ ಮತ ಬಿಡಲಿಲ್ಲ, ಸುಂಕನೂ ಬಿಡಲಿಲ್ಲ. ಒಳಗೆ ಬರುವ ಒಂದು ಕತ್ತೆ ಹೊರೆ ಉಪ್ಪಿಗೆ ಒಂದು ದೀನಾರ್, ಹೊರಗೆ ಹೋದರೆ ಎರಡು.

ಮಲಾಲ್ ಎಂಬ ಇನ್ನೊಂದು ರಾಜ್ಯದ ಕಥೆಯನ್ನೂ ಅಲ್ ಬಕ್ರಿಯೇ ಹೇಳುತ್ತಾನೆ. ಬರಗಾಲ ಬಂತು, ದನಗಳನ್ನೆಲ್ಲ ಬಲಿ ಕೊಟ್ಟರೂ ಮಳೆ ಇಲ್ಲ. ರಾಜನ ಬಳಿ ಇದ್ದ ಮುಸ್ಲಿಂ ಅತಿಥಿಯೊಬ್ಬ ಅವನಿಗೆ ನಮಾಜು ಕಲಿಸಿ, ಇಬ್ಬರೂ ರಾತ್ರಿಯಿಡೀ ದಿಬ್ಬದ ಮೇಲೆ ಪ್ರಾರ್ಥನೆ ಮಾಡಿದರು. ಬೆಳಗಾಗುವಾಗ ಮಳೆ ಹುಯ್ಯಿತು. ರಾಜ, ಅವನ ವಂಶದವರು, ದೊಡ್ಡ ಮನುಷ್ಯರು ಮತ ಬದಲಿಸಿದರು. ಜನ ಮಾತ್ರ ತಮ್ಮ ಹಳೇ ದೇವರುಗಳನ್ನೇ ಇಟ್ಟುಕೊಂಡರು. ಮಳೆಯ ಭಾಗ ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಕೊನೆಯ ಭಾಗ ಮುಖ್ಯ. ಇಸ್ಲಾಂ ಬಂದದ್ದು ಮೊದಲು ಸಂತೆಗೆ, ಆಮೇಲೆ ಅರಮನೆಗೆ, ಹಳ್ಳಿಗೆ ಎಷ್ಟೋ ಶತಮಾನ ಕಳೆದ ಮೇಲೆ. ಕತ್ತಿ ಬರಲೇ ಇಲ್ಲ ಅಂತಲೂ ಅಲ್ಲ. 1804ರಲ್ಲಿ ಈಗಿನ ಉತ್ತರ ನೈಜೀರಿಯಾದಲ್ಲಿ ಉಸ್ಮಾನ್ ದಾನ್ ಫೋದಿಯೊ ಜಿಹಾದ್ ಹೂಡಿದ್ದು ಆಗಲೇ ಮುಸ್ಲಿಮರಾಗಿದ್ದ ರಾಜರ ಮೇಲೆ. ಅವರು ಅರೆಬರೆ ಮುಸ್ಲಿಮರು ಅನ್ನೋದೇ ಅವನ ದೂರು.

1324ರಲ್ಲಿ ಹಜ್‌ಗೆ ಹೋಗುತ್ತಾ ಕೈರೋದಲ್ಲಿ ಚಿನ್ನದ ಬೆಲೆ ಇಳಿಸಿದ ಮಾಲಿಯ ದೊರೆ ಮಾನ್ಸಾ ಮೂಸಾನ ಕಥೆ ಎಲ್ಲರೂ ಹೇಳುತ್ತಾರೆ, ನಾನು ಬಿಡುತ್ತೇನೆ. ಈ ವ್ಯಾಪಾರದ ಇನ್ನೊಂದು ಮುಖವನ್ನು ಮಾತ್ರ ಬಿಡೋ ಹಾಗಿಲ್ಲ. ಇಬ್ನ್ ಬತೂತ ವಾಪಸ್ ಹೊರಟ ಕಾರವಾನಿನಲ್ಲಿ ಸುಮಾರು 600 ಮಂದಿ ಗುಲಾಮ ಹೆಣ್ಣುಮಕ್ಕಳಿದ್ದರು. ಅದೊಂದು ದೊಡ್ಡ ವಿಷಯ ಅಂತ ಅವನಿಗೆ ಅನಿಸಿದಂತಿಲ್ಲ.

ಅವನಿಗೆ ಗಾಬರಿಯಾದದ್ದು ಬೇರೆ ಕಡೆ. ವಲಾತಾದವರು ಐದು ಹೊತ್ತು ನಮಾಜು ಮಾಡುವವರು. ಆದರೆ ಆಸ್ತಿ ಹೋಗುವುದು ಮಗನಿಗಲ್ಲ, ಸೋದರಳಿಯನಿಗೆ. ಇಂಥದ್ದನ್ನು ಮಲಬಾರಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ ಅಂತ ಬರೆದ. ನಮ್ಮ ತುಳುನಾಡಿನ ಹಿಂದಿನ ಅಳಿಯಕಟ್ಟೂ ಇದೇ ಆಗಿತ್ತಲ್ವಾ? ಇದೇ ಮನುಷ್ಯ ಮಾಲಿಗೆ ಹೋಗುವ ಮೊದಲು ನಮ್ಮ ಹೊನ್ನಾವರ, ಬಾರ್ಕೂರು, ಮಂಗಳೂರನ್ನೂ ನೋಡಿದ್ದ.

ಒಂದು ದಿನ ಅವನು ವಲಾತಾದ ಖಾಜಿಯ ಮನೆಗೆ ಹೋದ. ಖಾಜಿ ಹಜ್ ಮಾಡಿ ಬಂದವನು, ಶರಿಯತ್ ಓದಿದವನು. ಪಕ್ಕದಲ್ಲಿ ಒಬ್ಬ ಚೆಂದದ ಹುಡುಗಿ ಕೂತಿದ್ದಳು. ಇವನು ನಾಚಿ ಹಿಂದೆ ತಿರುಗಿದ. ಅವಳು ನಕ್ಕುಬಿಟ್ಟಳು. ‘ಯಾಕೆ ಹೋಗ್ತೀಯಾ, ಇವಳು ನನ್ನ ಗೆಳತಿ’ ಅಂದ ಖಾಜಿ.